ದಸರಾ ಋತುವಿನ ಕುದುರೆ ಪಂದ್ಯ: ಮೈಸೂರಿನ ಸಿದ್ಧತೆ ಮತ್ತು ಲೆಕ್ಕಾಚಾರ

ನಾಡಹಬ್ಬ ಸಮೀಪಿಸಿದಂತೆ ಮೈಸೂರಿನ ಹೋಟೆಲ್ ಮಾಲೀಕರು, ಟ್ಯಾಕ್ಸಿ ನಡೆಸುವವರು, ರೇಷ್ಮೆ ಸೀರೆಯ ವರ್ತಕರು ವರ್ಷದ ಮುಖ್ಯ ವಹಿವಾಟಿಗೆ ಸಜ್ಜಾಗುವುದು ಎಲ್ಲರೂ ಬಲ್ಲ ಸಂಗತಿ. ಅದೇ ವೇಳೆಗೆ ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ಮತ್ತೊಂದು ಉದ್ಯಮವೂ ತನ್ನ ಬಿರುಸಿನ ದಿನಗಳನ್ನು ಕಾಣುತ್ತದೆ. ಅದು ಹತ್ತನೆಯ ಚಾಮರಾಜ ಒಡೆಯರ ಕಾಲದಲ್ಲಿ, 1891ರಲ್ಲಿ ಸ್ಥಾಪನೆಗೊಂಡ ಮೈಸೂರು ರೇಸ್ ಕ್ಲಬ್‌ನ ಪಂದ್ಯಾವಳಿ.

ಪಂದ್ಯಾವಳಿಯ ಮೊದಲ ಸವಾಲು ದಿನಾಂಕದ್ದು. ಬೆಂಗಳೂರಿನ ಬೇಸಿಗೆ ಹಾಗೂ ಚಳಿಗಾಲದ ಪಂದ್ಯಗಳ ನಡುವಿನ ಅವಧಿಯೇ ಮೈಸೂರಿನ ಪಾಲಿಗೆ ಮುಖ್ಯವಾದುದು. ಆದರೆ ಚಾಂದ್ರಮಾನದಂತೆ ಬರುವ ದಸರಾ ಪ್ರತಿ ವರ್ಷವೂ ಸ್ಥಳ ಬದಲಿಸುತ್ತದೆ. ವಿಜಯದಶಮಿ 2023ರಲ್ಲಿ ಅಕ್ಟೋಬರ್ 24ರಂದು, 2024ರಲ್ಲಿ ಅಕ್ಟೋಬರ್ 12ರಂದು, 2025ರಲ್ಲಿ ಅಕ್ಟೋಬರ್ 2ರಂದು ಬಂದಿತು. ಇತರ ಕೇಂದ್ರಗಳ ಪಂದ್ಯದ ದಿನಗಳಿಗೂ, ಜಂಬೂಸವಾರಿಯ ಪೊಲೀಸ್ ಬಂದೋಬಸ್ತಿಗೂ ಅಡ್ಡಬಾರದಂತೆ ಕಾರ್ಯಕ್ರಮ ಪಟ್ಟಿಯನ್ನು ತಿಂಗಳುಗಳ ಮೊದಲೇ ಹೊಂದಿಸಬೇಕಾಗುತ್ತದೆ.

ಪಂದ್ಯದ ದಿನ ಪ್ರೇಕ್ಷಕರ ಕಣ್ಣಿಗೆ ಬೀಳುವುದು ಒಂದೆರಡು ನಿಮಿಷಗಳ ಓಟ ಮಾತ್ರ. ಅದರ ಹಿಂದೆ ತರಬೇತುದಾರರು, ಸೈಸ್‌ಗಳು, ಪಶುವೈದ್ಯರು, ಲಾಳ ಹೊಡೆಯುವವರು, ಟ್ರ್ಯಾಕಿನ ಹುಲ್ಲನ್ನು ಕಾಪಾಡುವ ಕೂಲಿಗಳು ವರ್ಷವಿಡೀ ದುಡಿದಿರುತ್ತಾರೆ. ಹುಲ್ಲು, ಕುದುರೆ ಮಸಾಲೆ ಸೊಪ್ಪು ಹಾಗೂ ಧಾನ್ಯ ಒದಗಿಸುವವರಿಗೂ, ಕುದುರೆ ಸಾಗಿಸುವ ಲಾರಿಯವರಿಗೂ ಇದೇ ಜೀವನಾಧಾರ. ಕುದುರೆಗೆ ರಜೆಯಿಲ್ಲ, ಪಂದ್ಯವಿರಲಿ, ಇಲ್ಲದಿರಲಿ, ಅದರ ಮೇವಿನ ಖರ್ಚು ನಿಲ್ಲುವುದಿಲ್ಲ.

ಇನ್ನು ಮಳೆಯ ಮಾತು. ಅಕ್ಟೋಬರಿನ ಸಂಜೆ ಮಳೆ ಮೈಸೂರಿಗೆ ಹೊಸದಲ್ಲ. ನೆನೆದ ನೆಲದಲ್ಲಿ ಕುದುರೆ ಜಾರಿದರೆ ಜಾಕಿಯ ಪ್ರಾಣಕ್ಕೇ ಸಂಚಕಾರ. ಆದಕಾರಣ ನೆಲದ ಗಟ್ಟಿತನವನ್ನು ಉಪಕರಣದಿಂದ ಅಳೆದು ಪ್ರಕಟಿಸಲಾಗುತ್ತದೆ. ಅಪಾಯ ಕಂಡುಬಂದರೆ ದೂರದೂರುಗಳಿಂದ ಜನ ಬಂದು ನೆರೆದಿದ್ದರೂ ಪಂದ್ಯವನ್ನು ರದ್ದುಪಡಿಸುವುದು ಸ್ಟೀವರ್ಡ್‌ಗಳ ಕರ್ತವ್ಯ. ಆ ದಿನದ ಆದಾಯ ಹೋದರೂ ಸಿದ್ಧತೆಗೆ ಮಾಡಿದ ವೆಚ್ಚ ಹಿಂದಿರುಗದು.

ಈ ಎಲ್ಲ ವೆಚ್ಚಕ್ಕೆ ಮುಖ್ಯ ಆಧಾರ ಪ್ರವೇಶ ಟಿಕೆಟ್ ಅಲ್ಲ, ಟೋಟಲೈಸೇಟರ್. ಬಾಜಿಯ ಹಣವೆಲ್ಲ ಒಂದೆಡೆ ಸೇರಿ, ಕ್ಲಬ್ ತನ್ನ ಕಮಿಷನ್ ಹಿಡಿದುಕೊಂಡ ಮೇಲೆ ಉಳಿದದ್ದು ಗೆದ್ದವರಿಗೆ ಹಂಚಿಕೆಯಾಗುತ್ತದೆ. ಬಹುಮಾನದ ಮೊತ್ತ, ಸಿಬ್ಬಂದಿಯ ಸಂಬಳ, ಟ್ರ್ಯಾಕಿನ ನಿರ್ವಹಣೆ ಬಹುಪಾಲು ಈ ಕಮಿಷನ್‌ನಿಂದಲೇ ನಡೆಯಬೇಕು.

ಇಲ್ಲಿಯೇ ಉದ್ಯಮದ ಇಂದಿನ ಸಂಕಟ ಅಡಗಿದೆ. 2017ರ ಜುಲೈನಲ್ಲಿ ಶೇ. 28ರ ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಿತು. ತೆರಿಗೆ ಕಮಿಷನ್ನಿಗೆ ಮಾತ್ರ ಅನ್ವಯಿಸಬೇಕೆಂದು ಕರ್ನಾಟಕ ಹೈಕೋರ್ಟ್ 2021ರಲ್ಲಿ ಅಭಿಪ್ರಾಯಪಟ್ಟಿತಾದರೂ, 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಬಾಜಿಯ ಪೂರ್ಣ ಮೊತ್ತವನ್ನೇ ತೆರಿಗೆಗೆ ಒಳಪಡಿಸಿತು. 2025ರ ಸೆಪ್ಟೆಂಬರ್ 22ರಂದು ದರ ಶೇ. 40ಕ್ಕೆ ಏರಿತು. ಮೈಸೂರಿನಲ್ಲಿ ಆ ವರ್ಷದ ದಸರಾ ಉದ್ಘಾಟನೆಗೊಂಡದ್ದೂ ಅಂದೇ.

ಉದಾಹರಣೆಗೆ, ನೂರು ರೂಪಾಯಿ ಬಾಜಿಯಲ್ಲಿ ಕ್ಲಬ್ಬಿಗೆ ಹತ್ತು ರೂಪಾಯಿ ದಕ್ಕುತ್ತದೆಂದು ಭಾವಿಸೋಣ. ತೆರಿಗೆ ಹತ್ತು ರೂಪಾಯಿಯ ಮೇಲಾದರೆ ನಾಲ್ಕು ರೂಪಾಯಿ, ನೂರರ ಮೇಲಾದರೆ ನಲವತ್ತು. ಆ ನಲವತ್ತನ್ನು ಕಮಿಷನ್‌ನಿಂದ ತುಂಬಲಾಗದು; ಅದು ಬಾಜಿದಾರನ ಜೇಬಿನಿಂದ ಇಲ್ಲವೆ ಗೆದ್ದವರ ಪಾಲಿನಿಂದಲೇ ಬರಬೇಕು. ತೆರಿಗೆಯನ್ನೇ ಕಟ್ಟದ ಅಕ್ರಮ ಬುಕ್ಕಿಗಳತ್ತ ಜನ ಹೊರಳಿದರೆ ಸರ್ಕಾರಕ್ಕೂ ನಷ್ಟ, ಕ್ಲಬ್ಬಿಗೂ ನಷ್ಟ.

ಬಾಜಿಯ ಚಟವನ್ನು ನಿಯಂತ್ರಿಸುವ ಸರ್ಕಾರದ ಕಾಳಜಿಯನ್ನು ಅಲ್ಲಗಳೆಯುವಂತಿಲ್ಲ. ಆದರೆ ಕುದುರೆ ಪಂದ್ಯವನ್ನು ಕೌಶಲದ ಆಟವೆಂದು ಸುಪ್ರೀಂ ಕೋರ್ಟ್ 1996ರಲ್ಲಿಯೇ ತೀರ್ಪಿತ್ತಿದೆ. ದರ ಎಷ್ಟೆಂಬುದಕ್ಕಿಂತ ಅದನ್ನು ಯಾವ ಮೊತ್ತದ ಮೇಲೆ ವಿಧಿಸಬೇಕೆಂಬುದೇ ಇಲ್ಲಿ ಮುಖ್ಯ ಪ್ರಶ್ನೆ. ಹಬ್ಬದ ಜನಸಂದಣಿಯೊಂದೇ ಲಾಯದ ದೀಪವನ್ನು ವರ್ಷವಿಡೀ ಉರಿಸಲಾರದು. ಸೈಸ್, ಲಾಳಗಾರ, ಮೇವಿನ ವರ್ತಕರ ಬದುಕನ್ನೂ ಎಣಿಕೆಗೆ ತೆಗೆದುಕೊಂಡು ಸಂಬಂಧಪಟ್ಟವರು ಈ ಲೆಕ್ಕವನ್ನು ಮರುಪರಿಶೀಲಿಸುವುದು ಉಚಿತ.