ಲೀಟರ್ ಎಣ್ಣೆ ಎಷ್ಟು ಕಿಲೋ?

ನಮ್ಮ ಪಕ್ಕದ ಮನೆಯಾಕೆ ಮೊನ್ನೆ ಒಂದು ಲೀಟರಿನ ಅಡುಗೆ ಎಣ್ಣೆ ಪ್ಯಾಕೆಟ್ಟನ್ನು ತಕ್ಕಡಿಯಲ್ಲಿಟ್ಟರು. ಮುಳ್ಳು 910 ಗ್ರಾಂ ಆಸುಪಾಸಿನಲ್ಲೇ ನಿಂತುಬಿಟ್ಟಿತು. ‘ನೋಡ್ರೀ, ತೊಂಬತ್ತು ಗ್ರಾಂ ಹೊಡೆದಿದ್ದಾನೆ’ ಎಂದು ಚೀಲ ಹಿಡಿದು ಸೀದಾ ಅಂಗಡಿಗೆ ಹೊರಟರು. ಪಾಪ, ಅಂಗಡಿಯವನದು ಏನೂ ತಪ್ಪಿರಲಿಲ್ಲ. ತಪ್ಪಿದ್ದು ಲೀಟರ್ ಎಂದರೆ ಕಿಲೋ ಎಂಬ ನಮ್ಮೆಲ್ಲರ ನಂಬಿಕೆ.

ಈ ನಂಬಿಕೆ ಸುಮ್ಮನೆ ಹುಟ್ಟಿದ್ದೂ ಅಲ್ಲ. ಉದ್ದ, ಅಗಲ, ಎತ್ತರ ಮೂರೂ ಹತ್ತು ಸೆಂಟಿಮೀಟರ್ ಇರುವ ಡಬ್ಬಿಯೊಂದನ್ನು ಊಹಿಸಿಕೊಳ್ಳಿ. ಅದರಲ್ಲಿ ಹಿಡಿಸುವಷ್ಟು ಜಾಗವೇ ಒಂದು ಲೀಟರ್. 1790ರ ದಶಕದಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಆ ಡಬ್ಬಿ ತುಂಬ ತಣ್ಣನೆಯ ಶುದ್ಧ ನೀರು ತುಂಬಿ, ಅದರ ತೂಕವನ್ನೇ ಕಿಲೋಗ್ರಾಂ ಎಂದು ಕರೆದರು. ಹೀಗಾಗಿ ಲೀಟರ್ ಮತ್ತು ಕಿಲೋ ನಂಟು ನೀರಿಗೆ ಮಾತ್ರ ಸಲ್ಲುವಂಥದು. ಅದೇ ಡಬ್ಬಿಗೆ ಹಾಲು ಹೊಯ್ದರೆ ಸುಮಾರು 1,030 ಗ್ರಾಂ, ಜೇನುತುಪ್ಪವಾದರೆ 1,400 ಗ್ರಾಂ ತೂಗುತ್ತದೆ. ಎಣ್ಣೆ ನೀರಿನ ಮೇಲೆ ತೇಲುವ ಪದಾರ್ಥ; ಸಾವಿರ ಗ್ರಾಂ ಮುಟ್ಟುವುದಾದರೂ ಹೇಗೆ?

ಹಳೆ ಮೈಸೂರಿನ ಹಿರಿಯರಿಗೆ ಈ ಪಜೀತಿ ಹೊಸದಲ್ಲ. ಸೇರು ಎಂದರೆ ಅಳತೆಯ ಸೇರೋ ತೂಕದ ಸೇರೋ ಎಂದು ಕೇಳಿಕೊಳ್ಳಬೇಕಿತ್ತು. ಅಳತೆಯ ಸೇರಿನಲ್ಲಿ ಅಕ್ಕಿಗೊಂದು ತೂಕ, ಅವಲಕ್ಕಿಗೊಂದು ತೂಕ. 1956ರ ಕಾಯ್ದೆಯಂತೆ 1958ರ ಅಕ್ಟೋಬರಿನಿಂದ ಮೆಟ್ರಿಕ್ ತೂಕಗಳು ಹಂತ ಹಂತವಾಗಿ ಬಂದ ಮೇಲೆ ಹೆಸರುಗಳಾದರೂ ಬೇರೆಯಾದವು.

ಆದರೆ ಎಣ್ಣೆಯ ಲೆಕ್ಕದಲ್ಲಿ ಇನ್ನೊಂದು ಕೊಕ್ಕೆಯಿದೆ. ಎಣ್ಣೆ ಬಿಸಿಯಾದರೆ ಹಿಗ್ಗುತ್ತದೆ. ಒಂದು ಲೀಟರ್ ಸೋಯಾ ಎಣ್ಣೆ 21 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 919 ಗ್ರಾಂ ಇದ್ದರೆ, 60 ಡಿಗ್ರಿಯಲ್ಲಿ 893 ಗ್ರಾಂ ಮಾತ್ರ. ಕೆಲವು ತಯಾರಕರು ಲೀಟರ್ ಎಂದು ದಪ್ಪಕ್ಷರದಲ್ಲಿ ಹಾಕಿ, ಪಕ್ಕದಲ್ಲಿ 60 ಡಿಗ್ರಿ ಎಂದು ನಮೂದಿಸುತ್ತಿದ್ದರು. ಯಾರ ಮನೆಯ ಕಪಾಟಿನಲ್ಲಿ 60 ಡಿಗ್ರಿ ಸೆಕೆ ಇರುತ್ತದೆ ಹೇಳಿ! ಕೊಂಡವರ ಕೈಗೆ 26 ಗ್ರಾಂ ಕಡಿಮೆ ಬರುತ್ತಿತ್ತು. 2022ರ ಆಗಸ್ಟಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಇದಕ್ಕೆ ತಡೆ ಹಾಕಿತು: ಉಷ್ಣಾಂಶ ಬರೆಯಕೂಡದು, ಲೀಟರಿಗೆ ತಕ್ಕ ತೂಕ ಪ್ಯಾಕೆಟ್ಟಿನಲ್ಲಿರಬೇಕು, 2023ರ ಜನವರಿ 15ರೊಳಗೆ ಎಲ್ಲರೂ ತಿದ್ದಿಕೊಳ್ಳಬೇಕು ಎಂದು.

ಇನ್ನು ಬೆಲೆಯ ವಿಚಾರ. ಒಂದು ಲೀಟರಿನ ಪ್ಯಾಕೆಟ್ಟಿಗೂ ಒಂದು ಕಿಲೋ ಡಬ್ಬಕ್ಕೂ 150 ರೂಪಾಯಿ ಎಂದಿಟ್ಟುಕೊಳ್ಳಿ. ಎರಡೂ ಒಂದೇ ಅಂತ ಕೈಗೆ ಸಿಕ್ಕಿದ್ದನ್ನು ತಂದೀರಿ, ಜೋಕೆ! 910 ಗ್ರಾಮಿಗೆ 150 ಕೊಟ್ಟರೆ ಕಿಲೋಗೆ ಹತ್ತಿರ ಹತ್ತಿರ 165 ಬಿತ್ತು. ಲೀಟರಿನ ಬೆಲೆಯನ್ನು 0.91ರಿಂದ ಭಾಗಿಸಿದರೆ ಕಿಲೋ ಬೆಲೆ ಸಿಗುತ್ತದೆ. ಭಾಗಾಕಾರ ಬೇಡವೆಂದರೆ ಲೀಟರಿನ ಬೆಲೆಗೆ ಅದರ ಹತ್ತನೇ ಒಂದು ಭಾಗ ಕೂಡಿಸಿ, ಅಂದಾಜು ಸರಿಹೋಗುತ್ತದೆ.

ಪಕ್ಕದ ಮನೆಯಾಕೆ ಅಂಗಡಿಯಿಂದ ಬಂದವರೇ ತುಪ್ಪದ ಭರಣಿ ಕೆಳಗಿಳಿಸಿ ಲೇಬಲ್ ಓದತೊಡಗಿದ್ದರು. ಅಲ್ಲೂ ಒಂದು ಲೀಟರ್ ಎಂದೇ ಇತ್ತು.