ಮಾಡಿನ ಮೇಲೆ ಎಸೆದ ಹಲ್ಲು ಹೇಳುವ ಕಥೆ

ಉದುರಿದ ಹಾಲುಹಲ್ಲನ್ನು ಸಗಣಿಯಲ್ಲಿ ಸುತ್ತಿ ಮನೆಯ ಮಾಡಿನ ಮೇಲೆ ಎಸೆಯುವುದು ನಮ್ಮ ಕಡೆಯ ಹಳೆಯ ಪದ್ಧತಿ. ಹೊಸ ಹಲ್ಲು ಚೆನ್ನಾಗಿ ಬರಲಿ ಎಂಬ ಹಾರೈಕೆ ಅದರಲ್ಲಿದೆ. (ತಾರಸಿ ಮನೆಯ ಮಕ್ಕಳು ಎಲ್ಲಿ ಎಸೆಯುತ್ತಾರೋ!) ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಮಾತ್ರ 1958ರಿಂದ ಇಂಥ ಹಲ್ಲುಗಳನ್ನು ಜೋಪಾನವಾಗಿ ಸಂಗ್ರಹಿಸತೊಡಗಿದರು. ಸುಮಾರು ಮೂರು ಲಕ್ಷ ಹಲ್ಲುಗಳು ಸೇರಿದವು. ಅಣುಬಾಂಬ್ ಪರೀಕ್ಷೆಗಳಿಂದ ಹೊರಬಿದ್ದ ಸ್ಟ್ರಾನ್ಷಿಯಂ-90 ಹುಲ್ಲಿಗೆ, ಹುಲ್ಲಿನಿಂದ ಹಸುವಿನ ಹಾಲಿಗೆ, ಹಾಲಿನಿಂದ ಮಕ್ಕಳ ಹಲ್ಲಿಗೆ ಸೇರಿದ್ದು ಅವುಗಳಿಂದ ಬಯಲಾಯಿತು. ವಾತಾವರಣದಲ್ಲಿ ಅಣು ಪರೀಕ್ಷೆ ನಿಷೇಧಿಸುವ ಒಪ್ಪಂದಕ್ಕೆ 1963ರಲ್ಲಿ ಸಹಿ ಬಿತ್ತು.

ಹಲ್ಲು ಹೀಗೆ ಸಾಕ್ಷಿ ಹೇಳುವುದೇಕೆ? ಮೂಳೆ ಜೀವನವಿಡೀ ಸವೆದು ಮತ್ತೆ ಕಟ್ಟಿಕೊಳ್ಳುತ್ತದೆ. ಹಲ್ಲಿನ ಹೊರಪದರವಾದ ಎನಾಮಲ್ ಹಾಗಲ್ಲ. ಅದನ್ನು ಕಟ್ಟುವ ಅಮೆಲೋಬ್ಲಾಸ್ಟ್ ಎಂಬ ಜೀವಕೋಶಗಳು ಹಲ್ಲು ಬಾಯಿಗೆ ಮೂಡುವ ಹೊತ್ತಿಗೆ ಇಲ್ಲವಾಗುತ್ತವೆ. ಕೆಲಸದ ನಡುವೆ ಕೆಟ್ಟರೆ ತಿದ್ದಲು ಯಾರೂ ಉಳಿದಿರುವುದಿಲ್ಲ.

ಕ್ಯಾನ್ಸರ್ ಪೀಡಿತ ಮಕ್ಕಳ ವಿಷಯದಲ್ಲಿ ಈ ಮಾತು ಮುಖ್ಯ. ತಲೆ, ಕುತ್ತಿಗೆಯ ಭಾಗಕ್ಕೆ ವಿಕಿರಣ ಕೊಡುವಾಗ ಹಲ್ಲು ಕಟ್ಟುವ ಕೋಶಗಳಿಗೂ ಏಟು ಬೀಳಬಹುದು. ಸುಮಾರು 10 ಗ್ರೇ ಪ್ರಮಾಣಕ್ಕೆ ಅಮೆಲೋಬ್ಲಾಸ್ಟ್‌ಗಳು ಶಾಶ್ವತವಾಗಿ ಕೆಡಬಹುದು. 30 ಗ್ರೇಗೆ ಹಲ್ಲಿನ ಬೆಳವಣಿಗೆಯೇ ನಿಲ್ಲಬಹುದು. ಕೆಲವು ಹಲ್ಲು ಹುಟ್ಟುವುದೇ ಇಲ್ಲ, ಕೆಲವು ಪುಟ್ಟದಾಗಿ ಬರುತ್ತವೆ. ಮೇಲೆ ನೋಡಲು ಸರಿಯಿದ್ದರೂ ಬೇರು ಮೋಟಾಗಿರುವ ಹಲ್ಲುಗಳಿರುತ್ತವೆ. ಅಂಥವಕ್ಕೆ ಕ್ಲಿಪ್ ಹಾಕಿಸುವಾಗ ಬಹಳ ಎಚ್ಚರ ಬೇಕು. ಮಗು ಚಿಕ್ಕದಾದಷ್ಟೂ ಹಾನಿ ಹೆಚ್ಚು. ಹಾಗೆಂದು ಚಿಕಿತ್ಸೆ ಬಿಡುವಂತಿಲ್ಲ; ಜೀವ ಮೊದಲು.

ಹಲ್ಲಿನ ಎಕ್ಸ್‌ರೇಗೆ ಹೆದರುವ ತಾಯಂದಿರಿಗೆ ಒಂದು ಮಾತು: ಒಂದು ಸಣ್ಣ ಎಕ್ಸ್‌ರೇಯಿಂದ ತಗಲುವುದು ಕೆಲವೇ ಮೈಕ್ರೋಸೀವರ್ಟ್. ನೆಲ, ಗಾಳಿ, ಆಕಾಶದಿಂದ ಮನುಷ್ಯನಿಗೆ ಸಹಜವಾಗಿಯೇ ವರ್ಷಕ್ಕೆ ಸರಾಸರಿ 2,400 ಮೈಕ್ರೋಸೀವರ್ಟ್ ತಗಲುತ್ತದೆ. ವಿಕಿರಣ ಚಿಕಿತ್ಸೆಯ ಪ್ರಮಾಣಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ.

ತೊಂದರೆಯೆಂದರೆ ಈ ಹಾನಿ ಆಗಲೇ ಕಾಣಿಸುವುದಿಲ್ಲ. ಹನ್ನೆರಡರ ಸುಮಾರಿಗೆ ಮೂಡುವ ದವಡೆ ಹಲ್ಲಿನ ಕೆಲಸ ಮೂರನೆಯ ವರ್ಷದ ಹೊತ್ತಿಗೆ ಎಲುಬಿನೊಳಗೆ ನಡೆಯುತ್ತಿರುತ್ತದೆ. ಮಣಿಪಾಲದಲ್ಲಿ ಕಸ್ತೂರ್ಬಾ ಆಸ್ಪತ್ರೆಯ ಶಿರ್ಡಿ ಸಾಯಿಬಾಬಾ ಕ್ಯಾನ್ಸರ್ ಆಸ್ಪತ್ರೆಯೂ, 1965ರಲ್ಲಿ ಆರಂಭವಾದ ದಂತ ವೈದ್ಯಕೀಯ ಕಾಲೇಜೂ ಇವೆ. ಕಾಪು, ಕಾರ್ಕಳದಿಂದ ಮಗುವನ್ನು ಕರೆತರುವವರು ವಿಕಿರಣ ಆರಂಭಿಸುವ ಮೊದಲೇ ಹಲ್ಲನ್ನೂ ತೋರಿಸಿಕೊಳ್ಳಬಹುದು. ಎಷ್ಟು ಗ್ರೇ, ಯಾವ ಭಾಗಕ್ಕೆ, ಯಾವ ವಯಸ್ಸಿನಲ್ಲಿ ಎಂದು ಬರೆದ ಕಾಗದವನ್ನು ಜೋಪಾನವಾಗಿಡಬೇಕು. ಎಂಟು-ಹತ್ತು ವರ್ಷ ಕಳೆದ ಮೇಲೆ ಊರಿನ ಹಲ್ಲಿನ ಡಾಕ್ಟರು ಮೊದಲು ಕೇಳುವುದು ಅದನ್ನೇ.