ದೋಣಿಯ ಇಂಜಿನು ತೊದಲುವುದೇಕೆ?

ಅಳ್ನಾವರದಲ್ಲಿ ರೈಲುಹಾದಿಯ ಕವಲೊಂದು ದಾಂಡೇಲಿಯತ್ತ ತಿರುಗುತ್ತದೆ. ದಾಂಡೇಲಿಯ ಮಗ್ಗುಲಲ್ಲಿ ಹರಿಯುವ ಕಾಳಿ ನದಿಯು ಘಟ್ಟವನ್ನಿಳಿದು ಕಾರವಾರದ ಬಳಿ ಕಡಲನ್ನು ಸೇರುತ್ತದೆ. ಆ ಕರಾವಳಿಯ ಅನೇಕ ನಾಡದೋಣಿಗಳ ಹಿಂಬದಿಯಲ್ಲಿ, ಕಳಚಿ ಮನೆಗೆ ಒಯ್ಯಬಹುದಾದ ಸಣ್ಣ ಇಂಜಿನನ್ನು ಕಾಣುತ್ತೇವೆ. ಔಟ್‌ಬೋರ್ಡ್ ಇಂಜಿನು ಎಂದು ಇದರ ಹೆಸರು. ಅಮೆರಿಕದ ಮಿಲ್ವಾಕಿಯಲ್ಲಿ ನೆಲೆಸಿದ ನಾರ್ವೆ ಮೂಲದ ಓಲೆ ಎವಿನ್‌ರೂಡ್ 1909ರಲ್ಲಿ ಇಂಥ ಇಂಜಿನನ್ನು ಮಾರಾಟಕ್ಕೆ ತಂದು ಜನಪ್ರಿಯಗೊಳಿಸಿದನು.

ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನಗಳ ಕಾಲ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. 10 ಅಶ್ವಶಕ್ತಿಯವರೆಗಿನ ಇಂಜಿನುಳ್ಳ ನಾಡದೋಣಿಗಳಿಗೆ ವಿನಾಯಿತಿಯುಂಟು. ಎಂದರೆ ಕಡಲು ಕೆರಳಿರುವ ದಿನಗಳಲ್ಲಿಯೇ ಅತಿ ಸಣ್ಣ ಇಂಜಿನುಗಳು ನೀರಿಗಿಳಿಯುತ್ತವೆ. ತೆರೆಗಳ ನಡುವೆ ಇಂಜಿನು ನಿಂತುಹೋದರೆ ದೋಣಿಯು ತೆರೆಗೆ ಅಡ್ಡವಾಗಿ ತಿರುಗಿ ಮಗುಚಬಹುದು. ಆದುದರಿಂದ ತೊದಲುವ ಇಂಜಿನಿನ ದೋಷವನ್ನು ದಡದಲ್ಲಿಯೇ ಕಂಡುಹಿಡಿಯುವುದು ಪ್ರಾಣದ ಪ್ರಶ್ನೆ.

ಎರಡು ಸಿಲಿಂಡರುಗಳ, ಎರಡು ಸ್ಟ್ರೋಕಿನ ಇಂಜಿನನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ನಿಮಿಷಕ್ಕೆ 5000 ಸುತ್ತು ತಿರುಗುವಾಗ ಪ್ರತಿ ಸಿಲಿಂಡರಿನಲ್ಲಿಯೂ ಸೆಕೆಂಡಿಗೆ ಸುಮಾರು 83 ಬಾರಿ ದಹನ ನಡೆಯಬೇಕು. ಪ್ರತಿ ದಹನಕ್ಕೂ ಮೂರು ಅಂಶಗಳು ಅವಶ್ಯ: ಗಾಳಿ ಮತ್ತು ಇಂಧನದ ಸರಿಯಾದ ಮಿಶ್ರಣ, ಆ ಮಿಶ್ರಣದ ಮೇಲೆ ಸಾಕಷ್ಟು ಒತ್ತಡ, ತಕ್ಕ ಕ್ಷಣದಲ್ಲಿ ಕಿಡಿ. ಇವುಗಳಲ್ಲಿ ಒಂದು ಆಗಾಗ ತಪ್ಪಿದರೂ ಇಂಜಿನು ತೊದಲುತ್ತದೆ. ತಪ್ಪುತ್ತಿರುವುದು ಯಾವುದು?

ಇಂಜಿನನ್ನು ಬಯಲಿನಲ್ಲಿ ಭದ್ರವಾದ ಹಲಗೆಗೆ ಬಿಗಿದು, ಅದರ ಕೆಳಭಾಗವನ್ನು ನೀರು ತುಂಬಿದ ಪೀಪಾಯಿಯಲ್ಲಿ ಮುಳುಗಿಸಬೇಕು. ತಂಪಿನ ನೀರನ್ನು ಎಳೆದುಕೊಳ್ಳುವ ರಂಧ್ರವು ಮುಳುಗಿರಲೇಬೇಕು. ಇಲ್ಲವಾದರೆ ಇಂಜಿನು ಬೇಗನೆ ಕಾದು ಕೆಡುತ್ತದೆ. ನೀರು ತಳ್ಳುವ ಪಂಖವನ್ನು ಮೊದಲೇ ಕಳಚಿಡುವುದು ಕ್ಷೇಮ. ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವಿರುವುದರಿಂದ ಮುಚ್ಚಿದ ಕೋಣೆಯಲ್ಲಿ ಈ ಪರೀಕ್ಷೆ ಕೂಡದು. ವಿದ್ಯಾರ್ಥಿಗಳು ಅನುಭವಿಗಳ ಜೊತೆಯಲ್ಲಿಯೇ ಇದನ್ನು ಮಾಡಬೇಕು.

ಮೊದಲು ಇಂಧನವನ್ನು ನೋಡೋಣ. ಅದನ್ನು ಸ್ವಲ್ಪ ಗಾಜಿನ ಸೀಸೆಗೆ ಸುರಿದಿಟ್ಟರೆ, ಬೆರೆತ ನೀರು ತಳದಲ್ಲಿ ಬೇರೆ ಪದರವಾಗಿ ನಿಲ್ಲುತ್ತದೆ. ಏಕೆಂದರೆ ಪೆಟ್ರೋಲು, ಸೀಮೆಎಣ್ಣೆಗಳೆರಡೂ ನೀರಿಗಿಂತ ಹಗುರ. ಕೆಲವು ನಿಮಿಷ ಸರಿಯಾಗಿ ಓಡಿ ಅನಂತರ ಇಂಜಿನು ಸೊರಗಿದರೆ ಟಾಂಕಿಯ ಗಾಳಿಯ ತಿರುಪನ್ನು ನೋಡಬೇಕು. ಅದು ಮುಚ್ಚಿದ್ದರೆ ಇಂಧನ ಇಳಿದಷ್ಟೂ ಟಾಂಕಿಯೊಳಗಿನ ಒತ್ತಡ ಕುಗ್ಗಿ ಹರಿವು ನಿಲ್ಲುತ್ತದೆ. ಕೊಳವೆಯಲ್ಲಿರುವ ರಬ್ಬರಿನ ಗುಂಡನ್ನು ಹಿಚುಕಿದಾಗ ಇಂಜಿನು ಚೇತರಿಸಿಕೊಂಡರೆ, ದೋಷವು ಇಂಧನದ ದಾರಿಯಲ್ಲಿದೆಯೆಂದು ತಿಳಿಯಬಹುದು. ನಿಧಾನಗತಿಯಲ್ಲಿ ಮಾತ್ರ ತೊದಲಿದರೆ ಕಾರ್ಬ್ಯುರೇಟರಿನ ನಿಧಾನಗತಿಯ ಸೂಕ್ಷ್ಮ ರಂಧ್ರ ಕಟ್ಟಿರುವ ಸಂಭವ ಹೆಚ್ಚು.

ಮುಂದಿನ ಪರೀಕ್ಷೆ ಸ್ವಾರಸ್ಯಕರವಾದುದು. ಇಂಜಿನನ್ನು ನಿಲ್ಲಿಸಿ, ಒಂದು ಸ್ಪಾರ್ಕ್ ಪ್ಲಗ್ಗಿನ ತಂತಿಯನ್ನು ಕಳಚಿ, ಅದರ ತುದಿಯನ್ನು ಇಂಜಿನಿನ ಲೋಹಕ್ಕೆ ಭದ್ರವಾಗಿ ತಾಗಿಸಿ, ಮತ್ತೆ ನಿಧಾನವಾಗಿ ಓಡಿಸಬೇಕು. ಓಡುವಾಗ ತಂತಿಯನ್ನು ಮುಟ್ಟಬಾರದು. ಅದರಲ್ಲಿ ಸಾವಿರಾರು ವೋಲ್ಟುಗಳಿರುತ್ತವೆ. ಕೆಲಸ ಮಾಡುತ್ತಿದ್ದ ಸಿಲಿಂಡರನ್ನು ಹೀಗೆ ಸುಮ್ಮನಾಗಿಸಿದರೆ ಇಂಜಿನಿನ ವೇಗ ತಟಕ್ಕನೆ ಕುಸಿಯುತ್ತದೆ, ಅಥವಾ ಇಂಜಿನೇ ನಿಲ್ಲುತ್ತದೆ. ಏನೂ ವ್ಯತ್ಯಾಸವಾಗದಿದ್ದರೆ ಆ ಸಿಲಿಂಡರು ಮೊದಲಿನಿಂದಲೂ ದುಡಿಯುತ್ತಿರಲಿಲ್ಲವೆಂದೇ ಅರ್ಥ.

ಈಗ ಎರಡು ಪ್ಲಗ್ಗುಗಳನ್ನು ಅದಲುಬದಲು ಮಾಡೋಣ. ದೋಷವು ಪ್ಲಗ್ಗಿನೊಡನೆ ಮತ್ತೊಂದು ಸಿಲಿಂಡರಿಗೆ ಹೋದರೆ ಪ್ಲಗ್ಗೇ ಕೆಟ್ಟಿದೆ. ದೋಷ ಅಲ್ಲಿಯೇ ಉಳಿದರೆ ಪ್ಲಗ್ಗು ನಿರಪರಾಧಿ. ಆಗ ಕಿಡಿಯ ತಂತಿ, ಸುರುಳಿ, ಸಿಲಿಂಡರಿನ ಒತ್ತಡ ಇವುಗಳನ್ನು ಪರೀಕ್ಷಿಸಬೇಕು. ಒತ್ತಡಮಾಪಕವು ಎರಡು ಸಿಲಿಂಡರುಗಳಿಗೂ ಹೆಚ್ಚುಕಡಿಮೆ ಒಂದೇ ಅಳತೆಯನ್ನು ತೋರಿಸಬೇಕು. ಒಂದರಲ್ಲಿ ಬಹಳ ಕಡಿಮೆಯಿದ್ದರೆ ಪಿಸ್ಟನ್ನಿನ ಉಂಗುರಗಳು ಸವೆದಿರಬಹುದು. ಅದು ಕುಶಲಿ ಮೇಸ್ತ್ರಿಯ ಕೆಲಸ.

ಇಲ್ಲಿನ ನಿಯಮ ಒಂದೇ: ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು. ಪ್ಲಗ್ಗು, ಇಂಧನ, ಕಾರ್ಬ್ಯುರೇಟರುಗಳನ್ನು ಒಟ್ಟಿಗೆ ಬದಲಿಸಿದರೆ ಇಂಜಿನು ಸರಿಹೋಗಬಹುದು. ಕಾರಣ ಮಾತ್ರ ತಿಳಿಯದು. ಕಾರಣ ತಿಳಿಯದ ದೋಷವು ಕಡಲಿನಲ್ಲಿ ಮರುಕಳಿಸಿದರೆ ಗತಿಯೇನು? ಅಳ್ನಾವರದ ಹೊಲಗಳಲ್ಲಿ ನೀರೆತ್ತುವ ಇಂಜಿನಿಗೂ ಇದೇ ನಿಯಮ ಸಲ್ಲುತ್ತದೆ. ಡೀಸೆಲ್ ಇಂಜಿನಿನಲ್ಲಿ ಕಿಡಿಯ ಪ್ಲಗ್ಗು ಇಲ್ಲ. ಒತ್ತಡದಿಂದ ಕಾದ ಗಾಳಿಯೇ ಇಂಧನವನ್ನು ಹೊತ್ತಿಸುವುದರಿಂದ ಅಲ್ಲಿ ಒತ್ತಡದ ಪ್ರಶ್ನೆಗೆ ಇನ್ನೂ ಹೆಚ್ಚಿನ ಮಹತ್ವ.

ಕೊನೆಯದಾಗಿ ಒಂದು ಎಚ್ಚರಿಕೆ. ಪೀಪಾಯಿಯಲ್ಲಿ ಇಂಜಿನಿಗೆ ದೋಣಿಯನ್ನು ತಳ್ಳುವ ಹೊರೆಯಿಲ್ಲ. ಹೊರೆ ಬಿದ್ದಾಗ ಮಾತ್ರ ಹೊರಬೀಳುವ ದೋಷಗಳೂ ಉಂಟು. ಆದುದರಿಂದ ಪಂಖವನ್ನು ಮತ್ತೆ ಜೋಡಿಸಿ, ಶಾಂತವಾದ ನೀರಿನಲ್ಲಿ, ದಡದ ಸಮೀಪದಲ್ಲಿ, ಇನ್ನೊಂದು ದೋಣಿಯನ್ನು ಜೊತೆಗಿಟ್ಟುಕೊಂಡು ಓಡಿಸಿ ನೋಡಿದ ಮೇಲೆಯೇ ಇಂಜಿನು ಗುಣವಾಯಿತೆಂದು ನಂಬಬೇಕು.